ಬೋಯರ್ ಯುದ್ಧದ ಹಿತ್ತಾಳೆ ಫಲಕ: ಹೊಳಪು ಬೇಡ, ಅಕ್ಷರ ಉಳಿಯಲಿ

ಇಂಗ್ಲೆಂಡಿನ ಡೆವನ್ ಕಡೆಯ ಒಂದು ಹಳ್ಳಿ ಚರ್ಚಿನಿಂದ, ಹಳೇ ವಸ್ತುಗಳನ್ನು ಸಂರಕ್ಷಿಸುವ ನಮ್ಮ ವರ್ಕ್‌ಶಾಪಿಗೆ ಬಂದಿದ್ದ ಹಿತ್ತಾಳೆ ಫಲಕದ ಕೆಲಸ ಮುಗಿಯಿತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಬೋಯರ್ ರೈತರ ಎರಡು ಗಣರಾಜ್ಯಗಳಿಗೂ ಯುದ್ಧ ನಡೆಯಿತಲ್ಲ, ಅದರಲ್ಲಿ ಸತ್ತ ಆ ಊರಿನ ಹುಡುಗರ ಹೆಸರು ಅದರ ಮೇಲಿದೆ. ಏನು ಮಾಡಿದೆವು, ಯಾಕೆ ಮಾಡಿದೆವು, ಏನನ್ನು ಬೇಕಂತಲೇ ಮಾಡದೆ ಬಿಟ್ಟೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಕಡೆಯ ಹಳೇ ಚರ್ಚು, ಶಾಲೆ, ಕ್ಲಬ್ಬುಗಳಲ್ಲೂ ಇಂಥ ಫಲಕಗಳು ಬೇಕಾದಷ್ಟಿವೆ. ಯಾರಾದರೂ ಒಬ್ಬರು ಪಾಲಿಶ್ ಡಬ್ಬ ಹಿಡಿದು ಅದರ ಮುಂದೆ ನಿಲ್ಲುವ ಮೊದಲು ಇದನ್ನು ಓದಿದರೆ ಸಾಕು.

ಫಲಕ 90 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ, 3 ಮಿ.ಮೀ. ದಪ್ಪ. ಲೆಕ್ಕ ಹಾಕಿದರೆ ಬರೀ ಹಿತ್ತಾಳೆಯೇ ಹತ್ತಿರಹತ್ತಿರ 14 ಕೆಜಿ. ಅದರ ಹಿಂದೆ ಓಕ್ ಮರದ ಹಲಗೆ, ಹಲಗೆಯ ಹಿಂದೆ ತೇವ ಹಿಡಿದ ಕಲ್ಲುಗೋಡೆ. ಅಕ್ಷರಗಳನ್ನು ಉಳಿಯಿಂದ ವಿ ಆಕಾರಕ್ಕೆ ಕೊರೆದು ಒಳಗೆ ಕಪ್ಪು ತುಂಬಿದ್ದಾರೆ. ಸಾಲಿನ ಮೊದಲ ಅಕ್ಷರ ಮತ್ತು ನಾಲ್ಕು ಮೂಲೆಯ ಶಿಲುಬೆಗಳು ಮಾತ್ರ ಕೆಂಪು. ಆ ಕಾಲಕ್ಕೆ ಇಲ್ಲಿ ಇಂಗ್ಲೆಂಡಿನ ಚರ್ಚ್ ಸಾಮಾನು ಮಾಡುವ ಕಂಪನಿಗಳು ಇಂಥವನ್ನು ಆರ್ಡರ್ ಮೇಲೆ ಮಾಡಿ ಕಳಿಸುತ್ತಿದ್ದವು, ಹಾಗಾಗಿ ಈ ದೇಶದ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ ಅಚ್ಚಿನ ಫಲಕಗಳು ಸಿಗುತ್ತವೆ.

ನಾವು ನೋಡಿದಾಗ ಮೇಲಿನ ಅರ್ಧ ಕಂದು, ಕೆಳಗಿನ ಅರ್ಧ ಬಿಳಿಚಿಕೊಂಡ ಹಳದಿ. ಕಾರಣ ಸುಲಭ. ಏಣಿ ಇಲ್ಲದೆ ಕೈ ಎಟುಕುವಷ್ಟು ಜಾಗವನ್ನು ಮಾತ್ರ ಊರಿನವರು ವರ್ಷವರ್ಷವೂ ತಿಕ್ಕುತ್ತಾ ಬಂದಿದ್ದಾರೆ. ಅಲ್ಲಿ ಅಕ್ಷರದ ಅಂಚು ಕರಗಿ, ಒಳಗಿನ ಕಪ್ಪು ಹೋಗಿ, ಅದರ ಬದಲು ಪಾಲಿಶ್‌ನ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಕಟ್ಟಕಡೆಯ ಸಾಲಂತೂ ಓದಲಿಕ್ಕೇ ಬರುತ್ತಿರಲಿಲ್ಲ. ಮೇಲಿನ ಅರ್ಧದಲ್ಲಿ ಬೇರೆ ಕಥೆ. ಹಳೇ ಮೆರುಗೆಣ್ಣೆ ಅಲ್ಲಲ್ಲಿ ಎದ್ದು, ಅದರ ಕೆಳಗೆ ಕಿಲುಬು ದಾರದ ಹಾಗೆ ಹರಿದಿತ್ತು. ಜೊತೆಗೆ ಕಪ್ಪು, ಹಸಿರು ಚುಕ್ಕೆಗಳು, ಮುಟ್ಟಿದರೆ ಕೈಗೆ ಸಿಗುವಷ್ಟು ಆಳದ ಗುಳಿಗಳು. ಅದು ಬಾವಲಿಗಳ ಕೊಡುಗೆ.

ಬಾವಲಿ ವಿಷಯ ಸ್ವಲ್ಪ ಹೇಳಲೇಬೇಕು. ಇಲ್ಲಿನ ಹಳೇ ಚರ್ಚುಗಳ ಮಾಡಿನಲ್ಲಿ ಸಣ್ಣ ಬಾವಲಿಗಳು ಇರುವುದು ಮಾಮೂಲು. 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನು ಓಡಿಸುವ ಹಾಗಿಲ್ಲ, ಗೂಡನ್ನು ಮುಟ್ಟುವ ಹಾಗಿಲ್ಲ. ಅವುಗಳ ಉಚ್ಚೆ ಒಣಗುತ್ತಾ ಅಮೋನಿಯಾ ಆಗಿ ಹಿತ್ತಾಳೆಯನ್ನು ತಿನ್ನುತ್ತದೆ. ಹಿಕ್ಕೆಯನ್ನು ಗುಡಿಸಬಹುದು, ಉಚ್ಚೆಯ ಗುಳಿಯನ್ನು ಯಾರೂ ತುಂಬಲಾಗುವುದಿಲ್ಲ. ಹಾಗಾಗಿ ಇರುವುದನ್ನು ಒಪ್ಪಿಕೊಂಡು, ಮುಂದೆ ಬೀಳುವುದನ್ನು ತಡೆಯುವುದಷ್ಟೇ ನಮ್ಮ ಕೈಯಲ್ಲಿರುವುದು.

ಇನ್ನು ಪರವಾನಗಿ. ಇಂಗ್ಲೆಂಡಿನ ಚರ್ಚುಗಳಲ್ಲಿ ಗೋಡೆಯಿಂದ ಇಂಥದ್ದೊಂದನ್ನು ಕೆಳಗಿಳಿಸಬೇಕಾದರೆ ಪಾದ್ರಿ ಹ್ಞೂಂ ಅಂದರೆ ಸಾಲದು. ಡಯೋಸಿಸ್‌ನ, ಅಂದರೆ ಬಿಷಪ್‌ರ ಆಡಳಿತ ಪ್ರದೇಶದ, ಸಲಹಾ ಸಮಿತಿ ನೋಡಬೇಕು, ಆಮೇಲೆ ಫ್ಯಾಕಲ್ಟಿ ಅನ್ನುವ ಅನುಮತಿ ಸಿಗಬೇಕು. ಬೇಸರ ಹುಟ್ಟಿಸುವಷ್ಟು ಕಾಗದ. ಆದರೆ ಈ ಕಾಗದ ಇರುವುದರಿಂದಲೇ ಎಷ್ಟೋ ಫಲಕಗಳು ಗುಜರಿಗೆ ಹೋಗದೆ ಉಳಿದಿವೆ ಅನ್ನುವುದೂ ನಿಜ.

ಕಾಗದ ಬರುವವರೆಗೆ ಕಾಯುತ್ತಿದ್ದಾಗ ಬಳ್ಳಾರಿಯಿಂದ ಅಮ್ಮ ಫೋನ್ ಮಾಡಿದ್ದರು. ಫೋಟೋ ಕಳಿಸಿದೆ. "ಇದಕ್ಯಾಕಪ್ಪ ಇಷ್ಟೊಂದು ಓದಬೇಕು? ಹುಣಸೆಹಣ್ಣು, ಒಂಚೂರು ಉಪ್ಪು ಹಚ್ಚಿ ಬೆಳಗು, ಫಳಫಳ ಅಂತದೆ" ಅಂದರು. ತಪ್ಪೇನಿಲ್ಲ, ದೀಪಕ್ಕೆ ಅದು ಸರಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆಯ ಸತುವನ್ನೂ ಎಳೆದುಕೊಂಡು, ಮೇಲೆ ತಾಮ್ರದ ಗುಲಾಬಿ ಬಣ್ಣ ಉಳಿಸುತ್ತದೆ. ಮನೆಯ ದೀಪ ದಪ್ಪಗಿರುತ್ತದೆ, ಅದರ ಮೇಲೆ ಓದುವಂಥದ್ದೇನೂ ಇರುವುದಿಲ್ಲ, ಎಣ್ಣೆ ಬಿದ್ದು ಬಿದ್ದು ಕಾಪಾಡಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಕೊರೆದ ಅಕ್ಷರದ ಆಳ ಒಂದು ಮಿ.ಮೀ.ಗಿಂತ ಕಡಿಮೆ. ಪ್ರತಿ ಸಲ ತಿಕ್ಕಿದಾಗಲೂ ಅದರಲ್ಲಿ ಒಂದು ಪದರ ಹೋಗುತ್ತದೆ. ಮುಖ ಹೊಳೆಯುತ್ತದೆ, ಹೆಸರು ಸವೆಯುತ್ತದೆ. ಇಷ್ಟನ್ನು ಅಮ್ಮನಿಗೆ ವಿವರಿಸಿದೆ. "ಹಂಗಾದ್ರೆ ಒರೆಸಿ ಇಟ್ಟುಬಿಡು" ಅಂದರು. ನಿಜ ಹೇಳಬೇಕೆಂದರೆ ನಮ್ಮ ಇಡೀ ಯೋಜನೆಯ ಸಾರಾಂಶ ಅದೇ.

ಮೊದಲು ಫೋಟೋ

ಕೈ ಹಾಕುವ ಮೊದಲು ಫಲಕ ಗೋಡೆಯಲ್ಲಿದ್ದ ಹಾಗೆಯೇ ದಾಖಲೆ ಮಾಡಿಕೊಂಡೆವು. ನೇರ ಬೆಳಕಲ್ಲಿ ಹಿತ್ತಾಳೆಯ ಫೋಟೋ ತೆಗೆದರೆ ನಿಮ್ಮ ಮುಖವೇ ಕಾಣುತ್ತದೆ, ಉಪಯೋಗವಿಲ್ಲ. ದೀಪವನ್ನು ಪಕ್ಕದಿಂದ, ಹೆಚ್ಚುಕಡಿಮೆ ಫಲಕಕ್ಕೆ ತಾಗುವ ಹಾಗೆ ಓರೆಯಾಗಿ ಹಿಡಿಯಬೇಕು. ಆಗ ಒಂದೊಂದು ಗೀರಿಗೂ ನೆರಳು ಬೀಳುತ್ತದೆ.

ಕೊನೆಯ ಸಾಲಿಗೆ ಇಷ್ಟು ಸಾಕಾಗಲಿಲ್ಲ. ಅದಕ್ಕೆ ಆರ್‌ಟಿಐ ಮಾಡಿದೆವು. ಮಾಹಿತಿ ಹಕ್ಕಲ್ಲ ಮಾರಾಯ್ರೆ, ಇದು ಬೆಳಕಿನ ದಿಕ್ಕು ಬದಲಿಸುತ್ತಾ ಫೋಟೋ ತೆಗೆಯುವ ವಿಧಾನ. ಖರ್ಚು ಬಹಳ ಕಡಿಮೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದ ಹಾಗೆ ಇರಬೇಕು. ಫಲಕದ ಪಕ್ಕ ಎರಡು ಹೊಳೆಯುವ ಕಪ್ಪು ಗುಂಡು ಇಡಬೇಕು, ನಾವು ಸ್ಟ್ಯಾಂಡಿಗೆ ಅಂಟಿಸಿದ್ದು ಸ್ನೂಕರ್ ಆಟದ ಕಪ್ಪು ಚೆಂಡು. ಒಬ್ಬರು ಫ್ಲ್ಯಾಶ್ ಹಿಡಿದು ಸುತ್ತ ಓಡಾಡುತ್ತಾರೆ. ಫ್ಲ್ಯಾಶಿಗೆ ಒಂದು ದಾರ ಕಟ್ಟಿರುತ್ತದೆ, ದಾರದ ಇನ್ನೊಂದು ತುದಿ ಫಲಕದ ನಡುವಿನ ಹತ್ತಿರ, ಅಂದರೆ ಪ್ರತಿ ಸಲವೂ ದೂರ ಒಂದೇ, ದಿಕ್ಕು ಮಾತ್ರ ಬೇರೆ. ಹೀಗೆ ಐವತ್ತರ ಆಸುಪಾಸು ಫೋಟೋ. ಚೆಂಡಿನ ಮೇಲೆ ಫ್ಲ್ಯಾಶಿನ ಮಿಂಚು ಎಲ್ಲಿ ಬಿದ್ದಿದೆ ಅಂತ ನೋಡಿ ಸಾಫ್ಟ್‌ವೇರ್ ಬೆಳಕು ಬಂದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯಲ್ಲಿ ಮೌಸ್ ಎಳೆದರೆ ಸಾಕು, ಬೇಕಾದ ಕಡೆಯಿಂದ ಬೆಳಕು ಬಿಡಬಹುದು. ಬಣ್ಣ ತೆಗೆದುಹಾಕಿ ಬರೀ ಏರುತಗ್ಗನ್ನು ನೋಡಬಹುದು.

ಕೊನೆಯ ಸಾಲು ಹೀಗೆ ಸಿಕ್ಕಿತು. ಅದು ಬೇರೆ ಕೈ ಕೊರೆದ ಸಾಲು, ಅಕ್ಷರ ಸ್ವಲ್ಪ ಕಿರಿದು, ಬಲಗಡೆ ಜಾಗ ಸಾಲದೆ ಒತ್ತೊತ್ತಾಗಿ ಕೂತಿದೆ. ಫಲಕ ಗೋಡೆಗೆ ಏರಿದ ಮೇಲೆ ಯಾರೋ ನೆನಪಿಸಿ ಸೇರಿಸಿದ್ದು ಅಂತ ಕಾಣುತ್ತದೆ. ಒಬ್ಬ ಪ್ರೈವೇಟ್ (ಸಾಮಾನ್ಯ ಸಿಪಾಯಿ), ಡೆವನ್‌ಶೈರ್ ರೆಜಿಮೆಂಟ್, ಇಂಟೋಂಬಿ, ಎಂಟೆರಿಕ್ ಜ್ವರ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ಮನೆತನದವರು ಊರಲ್ಲಿ ಇನ್ನೂ ಇದ್ದಾರೆ.

ಇಳಿಸುವುದು

ಸ್ಕ್ರೂಗಳಲ್ಲಿ ಹೆಚ್ಚಿನವು ಹಿತ್ತಾಳೆ, ಅವು ಮರ್ಯಾದೆಯಿಂದ ಬಂದವು. ಯಾವುದೋ ಕಾಲದಲ್ಲಿ ಒಂದು ಕಳೆದುಹೋಗಿ ಅದರ ಜಾಗಕ್ಕೆ ಕಬ್ಬಿಣದ್ದು ಹಾಕಿದ್ದರು. ಅದು ಓಕ್ ಮರದೊಳಗೆ ತುಕ್ಕು ಹಿಡಿದು ಉಬ್ಬಿತ್ತು, ಸುತ್ತ ಮರ ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ಓಕ್‌ನಲ್ಲಿರುವ ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಆಗುವುದೇ ಹಾಗೆ. ಇಂಥ ಕಡೆ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ಟರೆ ತಲೆ ಮುರಿಯುತ್ತದೆ, ಕೈ ಜಾರಿದರೆ ಹಿತ್ತಾಳೆ ಮೇಲೆ ಉದ್ದಕ್ಕೆ ಗೀರು. ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆಗೆ ಇಟ್ಟು ಬಿಸಿ ಮಾಡಿ, ಆರಲು ಬಿಟ್ಟು, ಮತ್ತೆ ಬಿಸಿ ಮಾಡಿದೆವು. ಲೋಹ ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ತೆಳ್ಳನೆ ಬ್ಲೇಡಿನಿಂದ ತಲೆಯ ಸೀಳನ್ನು ಹೊಸದಾಗಿ ಕೊರೆದು, ಅದಕ್ಕೆ ಸರಿಯಾಗಿ ಕೂರುವ ಬಿಟ್ ಹಾಕಿ ತಿರುಗಿಸಿದಾಗ ಕಿರ್ ಅಂತ ಬಂತು. ಎಣ್ಣೆ ಬಿಡಬೇಡಿ. ಮರ ಕುಡಿದುಬಿಡುತ್ತದೆ, ಆಮೇಲೆ ಬೇಸಿಗೆಯಲ್ಲೆಲ್ಲ ಅದು ಹಿತ್ತಾಳೆ ಮೇಲೆ ಒಸರುತ್ತಿರುತ್ತದೆ.

ಫಲಕದ ಬೆನ್ನು ನೋಡಿ ನಮ್ಮ ಯಜಮಾನರು ಸುಮ್ನೆ ನಿಂತುಬಿಟ್ಟರು. ಓಕ್ ಮರದ ಹುಳಿ ಆವಿ ಮತ್ತು ಗೋಡೆಯ ತೇವ ಎರಡೂ ಸೇರಿ ಬೆನ್ನೆಲ್ಲ ಪಾಚಿ ಹಸಿರು. ಮುಂಭಾಗವನ್ನು ಅಷ್ಟು ವರ್ಷ ತಿಕ್ಕಿದವರಿಗೆ ಹಿಂಭಾಗ ಹೀಗಿದೆ ಅಂತ ಗೊತ್ತಾಗುವುದಾದರೂ ಹೇಗೆ?

ಅರಗು, ಮುಳ್ಳುಹಂದಿ ಮುಳ್ಳು, ಜ್ವರ

ಯಾವ ದ್ರಾವಣ ಏನು ಮಾಡುತ್ತದೆ ಅಂತ ಮೂಲೆಯಲ್ಲಿ ಪರೀಕ್ಷೆ. ಸಣ್ಣ ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಉರುಳಿಸಿ ನೋಡುವುದು. ಉಜ್ಜುವ ಹಾಗಿಲ್ಲ, ಉರುಳಿಸಬೇಕು. ವೈಟ್ ಸ್ಪಿರಿಟ್‌ಗೆ (ಪೇಂಟ್ ತೆಳುಮಾಡುವ ಪೆಟ್ರೋಲಿಯಂ ದ್ರವ) ಜಿಡ್ಡು ಬಂತು, ಮೆರುಗೆಣ್ಣೆ ಬರಲಿಲ್ಲ. ಅಸಿಟೋನ್‌ಗೆ ಮೆರುಗೆಣ್ಣೆ ಚೆನ್ನಾಗಿ ಕರಗಿತು. ಆಲ್ಕೊಹಾಲ್ ಅದ್ದಿದ ಹತ್ತಿಯನ್ನು ಶಿಲುಬೆಯ ಕೆಂಪಿನ ತುದಿಗೆ ತಾಗಿಸಿದ ಕೂಡಲೇ ಹತ್ತಿ ಕೆಂಪಾಯಿತು. ಅಂದರೆ ಕೆಂಪು ತುಂಬಿದ್ದು ಮೇಣವಲ್ಲ, ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚುತ್ತಾರಲ್ಲ, ಅದೇ. ಆ ಕಾಲಕ್ಕೆ ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚುಕಡಿಮೆ ನಮ್ಮ ದೇಶದಿಂದಲೇ. ಕಪ್ಪು ಭಾಗ ಮಾತ್ರ ಮೇಣ ಮತ್ತು ಮಸಿ.

ಇದು ಗೊತ್ತಾದ ಮೇಲೆ ಆಲ್ಕೊಹಾಲ್ ಬಾಟಲಿಯನ್ನು ಆ ಮೇಜಿನಿಂದಲೇ ದೂರ ಇಟ್ಟೆವು. ಬಯಲು ಭಾಗದ ಮೆರುಗೆಣ್ಣೆಯನ್ನು ಅಸಿಟೋನ್ ಹತ್ತಿಯಿಂದ ತೆಗೆದದ್ದು, ಕಿಟಕಿ ತೆಗೆದು, ಫ್ಯಾನ್ ಹಾಕಿ, ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿಕೊಂಡು. ಕೆಂಪಿನ ಸುತ್ತ ಒಂದು ಬೆರಳಗಲ ಬಿಟ್ಟೆವು. ಆ ಬೆರಳಗಲವನ್ನು ಭೂತಗನ್ನಡಿ ಕೆಳಗೆ ಬಿದಿರ ಕಡ್ಡಿಯಿಂದ ಚೂರುಚೂರೇ ಎಬ್ಬಿಸಿದ್ದು.

ಮೆರುಗೆಣ್ಣೆ ಹೋದ ಮೇಲೆ ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದದ್ದು ಕಂಡಿತು. ಮೇಲಿನ ಸಾಲುಗಳ ತಲೆಗೂ ಬುಡಕ್ಕೂ ಕೂದಲಿಗಿಂತ ತೆಳ್ಳನೆಯ ಎರಡು ಗೆರೆ. ಕೊರೆಯುವವನು ಅಕ್ಷರ ನೆಟ್ಟಗೆ ಬರಲಿ ಅಂತ ಮೊನೆಯಿಂದ ಎಳೆದುಕೊಂಡದ್ದು. ಒಂದು ಕಡೆ ಅಕ್ಷರದ ಜಾಗವನ್ನು ಮೊದಲು ಸ್ವಲ್ಪ ಎಡಕ್ಕೆ ಗುರುತು ಮಾಡಿ, ಆಮೇಲೆ ಬಲಕ್ಕೆ ಸರಿಸಿಕೊಂಡಿದ್ದಾನೆ. ಆ ಗುರುತೂ ಹಾಗೇ ಇದೆ. ಕೆಳಗಿನ ಅರ್ಧದಲ್ಲಿ ಇವು ಯಾವುದೂ ಇಲ್ಲ, ತಿಕ್ಕಿ ತಿಕ್ಕಿ ಹೋಗಿವೆ. ಹೊಳಪಿನ ಬೆಲೆ ಎಷ್ಟು ಅಂತ ಯಾರಿಗಾದರೂ ತೋರಿಸಬೇಕಾದರೆ ಇದೊಂದೇ ಫಲಕದ ಮೇಲಿನ ಅರ್ಧ, ಕೆಳಗಿನ ಅರ್ಧ ತೋರಿಸಿದರೆ ಆಯ್ತು.

ಆಮೇಲೆ ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ ಒರೆಸಿದೆವು. ಬರೀ ನೀರಿನಲ್ಲಿ ಮತ್ತೆ ಒರೆಸಿ, ಹೇರ್ ಡ್ರೈಯರ್ ಗಾಳಿಯಲ್ಲಿ ಒಣಗಿಸಿದೆವು. ಅಕ್ಷರದೊಳಗಿನ ಗಟ್ಟಿ ಪಾಲಿಶ್ ತೆಗೆಯಲು ಮುಳ್ಳುಹಂದಿಯ ಮುಳ್ಳು. ತಮಾಷೆಯಲ್ಲ, ಸಂರಕ್ಷಣೆ ಕೆಲಸದವರ ಪೆಟ್ಟಿಗೆಯಲ್ಲಿ ಅದು ಇದ್ದೇ ಇರುತ್ತದೆ. ಹಿತ್ತಾಳೆಗಿಂತ ಮೆತ್ತಗೆ, ಒಣಗಿದ ಪಾಲಿಶ್‌ಗಿಂತ ಗಟ್ಟಿ, ತುದಿ ಚೂಪು. ಲೋಹದ ಸೂಜಿ ಹಾಕಿದರೆ ಅಕ್ಷರದ ತಳಕ್ಕೆ ಹೊಸ ಗೀರು ಬೀಳುತ್ತದೆ. ವೈಟ್ ಸ್ಪಿರಿಟ್ ಸವರಿ ಮೆತ್ತಗಾಗಲು ಬಿಡುವುದು, ಮುಳ್ಳಿನಿಂದ ಕೆದಕುವುದು, ಬ್ರಷ್‌ನಿಂದ ಕೊಡವುವುದು. ಒಂದು ಸಾಲು ಮುಗಿಸಲಿಕ್ಕೆ ಬೆಳಗ್ಗಿಂದ ಊಟದವರೆಗೂ ಬೇಕು, ಹಾಗಾಗಿ ಆ ಸಾಲು ಬೇಡ ಅಂದರೂ ಬಾಯಿಪಾಠ ಆಗುತ್ತದೆ.

ಹಾಗೆ ಬಾಯಿಪಾಠ ಆದದ್ದು ಹೆಚ್ಚಾಗಿ ಜ್ವರವೇ. ಎಂಟೆರಿಕ್, ಬ್ಲೂಮ್‌ಫಾಂಟೇನ್, 1900. ಮತ್ತೆ ಎಂಟೆರಿಕ್. ಎಂಟೆರಿಕ್ ಅಂದರೆ ನಾವು ಹೇಳುವ ಟೈಫಾಯಿಡ್. ಗುಂಡು ತಗುಲಿ ಸತ್ತವನೆಂದರೆ ಈ ಫಲಕದಲ್ಲಿ ಒಬ್ಬನೇ, 1900ರ ಜನವರಿ 6ರಂದು ಲೇಡಿಸ್ಮಿತ್‌ನ ವ್ಯಾಗನ್ ಹಿಲ್‌ನಲ್ಲಿ. ಅವತ್ತು ಸಂಜೆ ಗುಡುಗು ಮಳೆಯಲ್ಲಿ ಡೆವನ್‌ಶೈರ್ ರೆಜಿಮೆಂಟಿನ ಮೂರು ಕಂಪನಿಗಳು ಬಯೊನೆಟ್ ಹಿಡಿದು ಗುಡ್ಡದ ಮೇಲೆ ನುಗ್ಗಿದ್ದವು. ಈ ಒಂದು ಫಲಕದ ಲೆಕ್ಕ ಇಡೀ ಯುದ್ಧದ ಲೆಕ್ಕಕ್ಕೂ ತಾಳೆಯಾಗುತ್ತದೆ. ಬ್ರಿಟಿಷ್ ಕಡೆ ಸತ್ತ ಸುಮಾರು 22 ಸಾವಿರ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು ರೋಗದಿಂದ, ಅದರಲ್ಲೂ ಟೈಫಾಯಿಡ್ ಒಂದೇ 8 ಸಾವಿರಕ್ಕಿಂತ ಜಾಸ್ತಿ ಜನರನ್ನು ತಿಂದಿತು. ಪಾರ್ಡೆಬರ್ಗ್ ಕಾಳಗದಲ್ಲಿ ಬ್ರಿಟಿಷ್ ಸೈನಿಕರು ಮಾಡರ್ ನದಿಯ ನೀರನ್ನೇ ಕುಡಿದರು, ಮೇಲ್ಗಡೆಯಿಂದ ಸತ್ತ ಕುದುರೆ, ಎತ್ತುಗಳು ಅದೇ ನೀರಲ್ಲಿ ತೇಲಿ ಬರುತ್ತಿದ್ದವು. 1900ರ ಮಾರ್ಚ್ 13ಕ್ಕೆ ಬೋಯರ್ ಗಣರಾಜ್ಯವೊಂದರ ರಾಜಧಾನಿ ಬ್ಲೂಮ್‌ಫಾಂಟೇನ್ ಹಿಡಿದರು. ಮಾರ್ಚ್ 31ಕ್ಕೆ ಬೋಯರ್ ದಂಡನಾಯಕ ಡಿ ವೆಟ್ ಊರಿನ ನೀರಿನ ಸ್ಥಾವರವನ್ನೇ ಕಿತ್ತುಕೊಂಡ. ಉಳಿದದ್ದು ಬಾವಿ ನೀರು, ತುಂಬಿದ ಡೇರೆಗಳು. ಆಲ್ಮ್ರಾತ್ ರೈಟ್ ಅನ್ನುವ ವೈದ್ಯವಿಜ್ಞಾನಿ ಅಷ್ಟು ಹೊತ್ತಿಗೆ ಟೈಫಾಯಿಡ್ ಲಸಿಕೆ ಮಾಡಿದ್ದ. ಆದರೆ ಸೇನೆ ಅದನ್ನು ಬೇಕಾದವರು ಹಾಕಿಸಿಕೊಳ್ಳಿ ಅಂತ ಬಿಟ್ಟಿತ್ತು. ನೂರಕ್ಕೆ ಐದು ಮಂದಿಯೂ ಹಾಕಿಸಿಕೊಳ್ಳಲಿಲ್ಲ.

ಕೊನೆಯ ಸಾಲಿನ ಇಂಟೋಂಬಿ, ಲೇಡಿಸ್ಮಿತ್ ಹೊರಗಿನ ಆಸ್ಪತ್ರೆ ಕ್ಯಾಂಪು. ಬ್ರಿಟಿಷರ ಕೈಯಲ್ಲಿದ್ದ ಆ ಊರಿಗೆ ಬೋಯರ್‌ಗಳು ಹಾಕಿದ ಮುತ್ತಿಗೆ 118 ದಿನ ನಡೆಯಿತು. ಅಲ್ಲಿದ್ದ ಮೊದಲನೇ ಡೆವನ್‌ಶೈರ್ ಬೆಟಾಲಿಯನ್ ಯುದ್ಧ ಶುರುವಾಗುವ ಹೊತ್ತಿಗೆ ಭಾರತದಿಂದಲೇ ಹಡಗು ಹತ್ತಿ ಹೋದದ್ದು. ಅಂದರೆ ನಾನು ಯಾರ ಹೆಸರಿನಿಂದ ಪಾಲಿಶ್ ಕೆದಕುತ್ತಿದ್ದೆನೋ ಆ ಹುಡುಗ ಡೆವನ್‌ನಿಂದ ಭಾರತಕ್ಕೆ ಬಂದು, ಅಲ್ಲಿಂದ ಲೇಡಿಸ್ಮಿತ್ ಇರುವ ನಟಾಲಿಗೆ ಹೋಗಿ, ನೀರು ಕುಡಿದು ಸತ್ತ.

ಕಪ್ಪು ತುಂಬುವುದು

ಕಪ್ಪು ಹೋದ ಅಕ್ಷರಗಳನ್ನು ಮತ್ತೆ ತುಂಬಬೇಕೋ ಬೇಡವೋ ಅಂತ ನಮ್ಮಲ್ಲೇ ಚರ್ಚೆ. ನಾನು ತುಂಬಬೇಕು ಅನ್ನುವ ಕಡೆ. ಕಾರಣ ಇದೆ. ಇಂಥ ಫಲಕಗಳಲ್ಲಿ ಸಾಮಾನ್ಯ ಸಿಪಾಯಿಗಳ ಹೆಸರು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಂದದ್ದು ಬೋಯರ್ ಯುದ್ಧದಿಂದಲೇ. ಅದಕ್ಕೂ ಹಿಂದೆ ಚರ್ಚಿನ ಗೋಡೆ ಹೆಚ್ಚಾಗಿ ಅಧಿಕಾರಿಗಳಿಗೆ. ಬೆಂಗಳೂರು ಪೇಟೆಯ ಬಾಗಿಲಲ್ಲಿ 1791ರ ಮಾರ್ಚ್ 7ರಂದು, ಟಿಪ್ಪುವಿನ ಕಾಲದ ಮುತ್ತಿಗೆಯಲ್ಲಿ, ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತ. ಅವನಿಗೆ ಚೆನ್ನೈ ಕೋಟೆಯ ಸೇಂಟ್ ಮೇರೀಸ್ ಚರ್ಚಿನಲ್ಲಿ ಅಮೃತಶಿಲೆಯ ಸ್ಮಾರಕವೇ ಇದೆ. ಅದೇ ಬಾಗಿಲಲ್ಲಿ ಅವನ ಜೊತೆ ಬಿದ್ದ ಸಿಪಾಯಿಗಳಿಗೆ ಅಂಥದ್ದು ಸಿಗಲಿಲ್ಲ. ನೂರು ವರ್ಷ ಕಳೆದು ಪ್ರೈವೇಟ್ ಒಬ್ಬನಿಗೆ ಒಂದು ಸಾಲು ಸಿಕ್ಕಿದೆ, ಅದೂ ಊರಿನವರು ಚಂದಾ ಎತ್ತಿ ಹಾಕಿಸಿದ್ದು. ಅದನ್ನು ಓದಲು ಆಗದ ಹಾಗೆ ಬಿಡುವುದು ನನಗೆ ಸರಿ ಕಾಣಲಿಲ್ಲ.

ಮೈಕ್ರೊಕ್ರಿಸ್ಟಲೈನ್ ಮೇಣ ಕರಗಿಸಿ ಕಪ್ಪು ಪುಡಿ ಕಲಸಿದೆವು. ಹಿತ್ತಾಳೆಯನ್ನು ಉಗುರುಬೆಚ್ಚಗೆ ಮಾಡಿ, ಮೇಣವನ್ನು ಅಕ್ಷರಕ್ಕೆ ಒತ್ತಿ, ಆರಿದ ಮೇಲೆ ದಪ್ಪ ಕಾಗದದ ಅಂಚಿನಿಂದ ಮೇಲಿನದ್ದನ್ನು ಕೆರೆದರೆ ಅಕ್ಷರದಲ್ಲಿ ಮಾತ್ರ ಉಳಿಯುತ್ತದೆ. ಮುಂದೆ ಯಾರಿಗಾದರೂ ಬೇಡ ಅನ್ನಿಸಿದರೆ ವೈಟ್ ಸ್ಪಿರಿಟ್‌ನಲ್ಲಿ ಒರೆಸಿದರೆ ಹೋಗುತ್ತದೆ. ಹಳೇ ಕಪ್ಪು ಇದ್ದಲ್ಲಿ ಮುಟ್ಟಲಿಲ್ಲ. ಕೆಂಪಿಗೂ ಕೈ ಹಾಕಲಿಲ್ಲ. ಅಂಚು ಸವೆದು ಅಕ್ಷರ ಅರ್ಧವೇ ಉಳಿದಿದ್ದ ಕಡೆ ಅರ್ಧಕ್ಕೇ ತುಂಬಿದೆವು. ಹೊಸದಾಗಿ ಕೊರೆಯಲಿಲ್ಲ.

ಮೇಲೆ ಏನು ಹಚ್ಚಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಅಕ್ರಿಲಿಕ್ ಮೆರುಗೆಣ್ಣೆ ಸ್ಪ್ರೇ ಮಾಡಿದರೆ ಬಾವಲಿಗೆ ಒಳ್ಳೆ ತಡೆ. ಆದರೆ ಅದು ಒಂದು ಕಡೆ ಒಡೆದರೆ ಮತ್ತೆ ಅದೇ ದಾರದಂಥ ಕಿಲುಬು, ಆಗ ಮತ್ತೆ ಫಲಕ ಇಳಿಸಬೇಕು, ಮತ್ತೆ ಕಾಗದ, ಮತ್ತೆ ಕಾಸು. ಅದರ ಬದಲು ತೆಳ್ಳಗೆ ಮೇಣ. ಎರಡು ಸಲ, ಒಂದರ ಮೇಲೊಂದು, ಮೆತ್ತನೆ ಬಟ್ಟೆಯಲ್ಲಿ. ಊರಿನವರೇ ಮುಂದೆ ಹಚ್ಚಿಕೊಳ್ಳಬಹುದು. ಬಾವಲಿಗೆ ಓಕ್ ಹಲಗೆಯ ತಲೆಗೇ ಇಳಿಜಾರಾದ ಪಾರದರ್ಶಕ ಅಕ್ರಿಲಿಕ್ ಪಟ್ಟಿ ಕೂರಿಸಿದೆವು, ಗೋಡೆಗೆ ಹೊಸ ತೂತು ಬೇಕಾಗಲಿಲ್ಲ. ಕೆಳಗೆ ನಿಂತು ನೋಡಿದರೆ ಕಾಣುವುದೂ ಇಲ್ಲ.

ವಾಪಸ್ ಏರಿಸುವಾಗ ಮರಕ್ಕೂ ಹಿತ್ತಾಳೆಗೂ ನಡುವೆ ಪಾಲಿಯೆಸ್ಟರ್ ಹಾಳೆ, ಗಾಳಿಯಾಡಲು ನೈಲಾನ್ ವಾಷರ್. ಗೋಡೆಗೆ ಸ್ಟೇನ್‌ಲೆಸ್ ಸ್ಕ್ರೂ, ಅವು ಹಿತ್ತಾಳೆಗೆ ನೇರ ತಾಗದ ಹಾಗೆ ನೈಲಾನ್ ತೋಳು. ತೂತುಗಳೆಲ್ಲ ಕಲ್ಲಿನ ಸಂದಿನ ಸುಣ್ಣದ ಗಾರೆಯಲ್ಲಿ, ಕಲ್ಲಿಗೆ ಡ್ರಿಲ್ ಮುಟ್ಟಿಸಿಲ್ಲ.

ಪಕ್ಕದ ಕಾರ್ಡು

ಫಲಕದ ಕೆಳಗೆ ಒಂದು ಸಣ್ಣ ಕಾರ್ಡು ಇಡೋಣ, ಈಗಿನ ಮಕ್ಕಳಿಗೆ ಬೋಯರ್ ಯುದ್ಧ ಅಂದರೆ ಗೊತ್ತಿಲ್ಲ ಅಂತ ಚರ್ಚಿನವರು ಕೇಳಿದರು. ಕರಡು ಬರೆಯುವ ಕೆಲಸ ನನ್ನ ತಲೆಗೆ ಬಂತು. ಫಲಕ ಸತ್ತವರನ್ನು ರಾಣಿಗೂ ದೇಶಕ್ಕೂ ಪ್ರಾಣ ಕೊಟ್ಟವರು ಅನ್ನುತ್ತದೆ. ಅದು ಅದರ ಕಾಲದ ಮಾತು, ಅದನ್ನು ತಿದ್ದುವುದು ನನ್ನ ಕೆಲಸವಲ್ಲ. ಕಾರ್ಡಿನಲ್ಲಿ ಉಳಿದದ್ದನ್ನು ಹೇಳಬಹುದಲ್ವಾ?

ನನ್ನ ಕರಡಿನಲ್ಲಿ ಮೊದಲು ಟೈಫಾಯಿಡ್. ಆಮೇಲೆ ಬ್ರಿಟಿಷರು ಬೋಯರ್ ಹೊಲಮನೆಗಳನ್ನು ಸುಟ್ಟು ಹೆಂಗಸರು ಮಕ್ಕಳನ್ನು ಕೂಡಿಹಾಕಿದ ಕ್ಯಾಂಪುಗಳು. ಅಲ್ಲಿ 26 ಸಾವಿರಕ್ಕಿಂತ ಹೆಚ್ಚು ಬೋಯರ್ ಹೆಂಗಸರು, ಮಕ್ಕಳು ಸತ್ತರು. ಕರಿಯ ಜನರಿಗೆ ಬೇರೆ ಕ್ಯಾಂಪುಗಳಿದ್ದವು, ಅಲ್ಲಿ ಸತ್ತವರ ಲೆಕ್ಕವನ್ನು ಆಗ ಯಾರೂ ನೆಟ್ಟಗೆ ಇಡಲೂ ಇಲ್ಲ. ಈ ಕ್ಯಾಂಪುಗಳ ಸ್ಥಿತಿಯನ್ನು 1901ರಲ್ಲಿ ಇಂಗ್ಲೆಂಡಿಗೆ ತಿಳಿಸಿ ಬೈಸಿಕೊಂಡ ಎಮಿಲಿ ಹಾಬ್‌ಹೌಸ್ ಪಕ್ಕದ ಕಾರ್ನ್‌ವಾಲ್‌ನವರು, ಸೇಂಟ್ ಐವ್ ಊರಿನ ಪಾದ್ರಿಯ ಮಗಳು. ಆಕೆಯ ಬೂದಿಯನ್ನು ಇಟ್ಟಿರುವುದು ಬ್ಲೂಮ್‌ಫಾಂಟೇನ್‌ನ ಮಹಿಳಾ ಸ್ಮಾರಕದ ಬುಡದಲ್ಲಿ. ಹೀಗಾಗಿ ಈ ಫಲಕದಲ್ಲಿ ಬರುವ ಊರು, ಆಕೆಯ ಊರು ಎರಡನ್ನೂ ಒಂದೇ ಕಾರ್ಡಿನಲ್ಲಿ ತರಬಹುದು ಅನ್ನಿಸಿತು.

ಕೊನೆಗೆ ಭಾರತದವರು. ಲೇಡಿಸ್ಮಿತ್ ಮುತ್ತಿಗೆಯಲ್ಲಿ ಪ್ರಭು ಸಿಂಗ್ ಅನ್ನುವ ಕೂಲಿ ಕರಾರಿನ ಆಳು, ಬೋಯರ್ ತೋಪು ಹಾರಿದಾಗಲೆಲ್ಲ ಗಂಟೆ ಬಾರಿಸಿ ಜನರನ್ನು ಎಚ್ಚರಿಸುತ್ತಿದ್ದ. ಗಾಂಧಿ ಮುಂದೆ ನಿಂತು ಕಟ್ಟಿದ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಮಂದಿ ಭಾರತೀಯರು ಡೋಲಿ ಹೊತ್ತರು. ಭಾರತದ ಸೇನೆಯ ಜೊತೆ ಹೋಗಿ ಸತ್ತ ಕುದುರೆ ವೈದ್ಯ ಸಹಾಯಕರು, ಲಾಳ ಕಟ್ಟುವ ನಾಲಬಂದರು, ಆಳುಕಾಳುಗಳಿಗೆ ಜೋಹಾನ್ಸ್‌ಬರ್ಗ್‌ನ ಅಬ್ಸರ್ವೇಟರಿ ಗುಡ್ಡದ ಮೇಲೆ ಒಂದು ಕಲ್ಲುಕಂಬ ಇದೆ. ಆ ಕಂಬದ ಬರಹ ಅವರನ್ನು ನೆನೆಯುವುದು ಕಸುಬಿನ ಹೆಸರಲ್ಲಿ, ಗುಂಪಾಗಿ.

ಬಳ್ಳಾರಿಯನ್ನೂ ಒಂದು ಸಾಲು ಸೇರಿಸಿದ್ದೆ. ಸೆರೆ ಸಿಕ್ಕ ಬೋಯರ್‌ಗಳಲ್ಲಿ 9 ಸಾವಿರದಷ್ಟು ಜನರನ್ನು ಭಾರತಕ್ಕೆ ತಂದು ಅಹಮದ್‌ನಗರ, ತಿರುಚಿನಾಪಳ್ಳಿ, ಬಳ್ಳಾರಿ ಮುಂತಾದ ಕಡೆ ಇಟ್ಟಿದ್ದರು. ಬಳ್ಳಾರಿ ಬಿಸಿಲಲ್ಲಿ ಆ ರೈತರು ಹೇಗಿದ್ದರೋ, ಅಲ್ಲೇ ಹುಟ್ಟಿದ ನಮಗೇ ಏಪ್ರಿಲ್‌ನಲ್ಲಿ ತಡೆಯಲಾಗುವುದಿಲ್ಲ.

ಚರ್ಚ್ ಸಮಿತಿಯಲ್ಲಿ ವಾದ ಆಯಿತು. ಕ್ಯಾಂಪಿನ ಮಾತು ಈ ಹುಡುಗರ ಹೆಸರಿನ ಕೆಳಗೆ ಬೇಡ, ಅವರೇನು ತಪ್ಪು ಮಾಡಿದರು ಅಂತ ಒಬ್ಬರು. ಅದಿಲ್ಲದ ಕಾರ್ಡು ಯಾಕೆ, ಅಷ್ಟನ್ನು ಫಲಕವೇ ಹೇಳುತ್ತದಲ್ಲ ಅಂತ ಇನ್ನೊಬ್ಬರು. ನಾನು ಎರಡನೆಯವರ ಪಕ್ಷ. ಕಡೆಗೆ ಕ್ಯಾಂಪು ಉಳಿಯಿತು, ಎಮಿಲಿ ಉಳಿದರು, ಪ್ರಭು ಸಿಂಗ್ ಉಳಿದ. ಕಾರ್ಡು ಉದ್ದ ಆಯ್ತು ಅಂತ ಬಳ್ಳಾರಿ ಹೋಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಫಲಕ ನೋಡಿ ಚರ್ಚ್‌ವಾರ್ಡನ್ ಅಜ್ಜಿ "ಇಷ್ಟೇನಾ? ಇನ್ನೂ ಕಂದಾಗೇ ಇದೆಯಲ್ಲ" ಅಂದರು. ಓರೆ ಬೆಳಕಿನ ಫೋಟೋ ಪಕ್ಕದಲ್ಲಿ ಹಿಡಿದು ಗೆರೆಗಳನ್ನು ತೋರಿಸಿದೆ, ಕೆಳಗಿನ ಅರ್ಧವನ್ನೂ ತೋರಿಸಿದೆ. ಆಮೇಲೆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು, ಮನೆತನದ ಹೆಸರು ಗುರುತು ಹಿಡಿದರು. ಪಾಲಿಶ್ ಡಬ್ಬವನ್ನು ಬೀರುವಿನಿಂದ ತೆಗೆದು ನಮ್ಮ ಕೈಗೇ ಕೊಟ್ಟರು. ಅವರಿಗೆ ನಾವು ಕೊಟ್ಟದ್ದು ಒಂದು ಪುಟದ ಕಾಗದ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ. ಅಕ್ರಿಲಿಕ್ ಪಟ್ಟಿ ಮೇಲಿನ ಹಿಕ್ಕೆಯನ್ನು ಮಾಸ್ಕ್ ಹಾಕಿ ತೆಗೆಯಿರಿ. ವರ್ಷಕ್ಕೊಮ್ಮೆ ಬೇಕೆನಿಸಿದರೆ ಚೂರೇ ಚೂರು ಮೇಣ. ನೀರು, ಪಾಲಿಶ್, ನಿಂಬೆಹಣ್ಣು ಬೇಡ. ಹಸಿರು ಚುಕ್ಕೆ ಹೊಸದಾಗಿ ಕಂಡರೆ ಫೋಟೋ ತೆಗೆದು ನಮಗೆ ಕಳಿಸಿ.

ಅದೇ ಗೋಡೆಯಲ್ಲಿ ಇನ್ನೂ ಸ್ವಲ್ಪ ಪೂರ್ವಕ್ಕೆ ಒಬ್ಬ ಕ್ಯಾಪ್ಟನ್‌ನ ಅಮೃತಶಿಲೆ ಫಲಕ ಇದೆ. ಅದನ್ನು ಗೋಡೆಗೆ ಹಿಡಿದಿರುವ ಕಬ್ಬಿಣದ ಕೊಕ್ಕೆಗಳು ತುಕ್ಕು ಹಿಡಿದು ಉಬ್ಬಿ, ಕಲ್ಲು ಮೂಲೆಯಲ್ಲಿ ಸೀಳಿದೆ. ಸೀಳಿನ ಮೇಲೆ ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ ಬಂದಿದ್ದೇವೆ. ಗಾಜು ಒಡೆದರೆ ಸೀಳು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ, ಆಗ ಕೊಕ್ಕೆಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಹಾಕಬೇಕು. ಅರ್ಜಿ ಹಾಕಿ ಆಗಿದೆ, ಕಾಗದ ಬಂದ ಮೇಲೆ ಅದರದ್ದೂ ಬರೆಯುತ್ತೇನೆ.